ಪೆದ್ದಾದ ಉಪ್ಪು

"ಅಯ್ಯನವರೇ, ಉಪ್ಪು ಎಲ್ಲಾದರೂ ಪೆದ್ದಾಗುವುದುಂಟೇ?"

ಜೀವರತ್ನ ಇದನ್ನು ಕೇಳಿದ್ದು ಹೊಸ್ತಿಲು ದಾಟುವ ಮೊದಲೇ. ಸತ್ಯಮಿತ್ರ ಅಯ್ಯನವರು ಅವನಿಗೆ ಗ್ರೀಕ್ ಕಲಿಸಿದ ಗುರುಗಳು. ತನ್ನ ಊರಿನ ಸಭೆಯವರಿಗಾಗಿ ಅವನು ಸುವಾರ್ತೆಯನ್ನು ಮೂಲದಿಂದ ತಿಳಿಗನ್ನಡಕ್ಕೆ ತರುತ್ತಿದ್ದ. ಬರೆದಷ್ಟನ್ನು ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರ ಮುಂದೆ ಓದಬೇಕು, ಅವರು ಒಪ್ಪಿದರೆ ಮುಂದಕ್ಕೆ ಹೋಗಬೇಕು. ಹೀಗೆ ಸಾಗಿ ಬಂದ ಕೆಲಸ ಕಳೆದ ಭಾನುವಾರ ಉಪ್ಪಿನ ಮಾತಿಗೆ ಬಂದು ನಿಂತುಬಿಟ್ಟಿತ್ತು.

"ಕೂತುಕೊಂಡು ಕೇಳು," ಎಂದರು ಅಯ್ಯನವರು. "ನಿಂತವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ."

ಅವನು ಕೂತ. ಕೂತವನೇ ಗಡಬಡಿಸಿ ಹೇಳತೊಡಗಿದ. "ಗ್ರೀಕಿನಲ್ಲಿ ಉಪ್ಪಿಗೆ ಹಾಲಸ್ ಎಂದಿದೆ. ಅದರಲ್ಲಿ ತಕರಾರಿಲ್ಲ. ಆ ಉಪ್ಪು ಕೆಟ್ಟರೆ ಎನ್ನುವ ಕಡೆ ಒಂದು ಸುವಾರ್ತೆಯಲ್ಲಿ 'ಉಪ್ಪಿಲ್ಲದ್ದಾದರೆ' ಎಂದಿದೆ. ಅದೂ ಸರಿಯೇ. ಇನ್ನೆರಡರಲ್ಲಿ ಮಾತ್ರ ಬೇರೊಂದು ಕ್ರಿಯಾಪದವಿದೆ. ಅದು ಹುಟ್ಟಿದ್ದು ಮೋರೋಸ್ ಎಂಬ ಪದದಿಂದ. ಮೋರೋಸ್ ಎಂದರೆ ಪೆದ್ದ, ಬುದ್ಧಿಗೇಡಿ. ಅದೇ ಕ್ರಿಯಾಪದ ಮನುಷ್ಯರ ವಿಚಾರಕ್ಕೆ ಬಂದಾಗ 'ಬುದ್ಧಿಗೆಟ್ಟರು' ಎಂದೇ ಎಲ್ಲರೂ ಬರೆಯುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೆ, 'ಉಪ್ಪು ಪೆದ್ದಾದರೆ ಅದಕ್ಕೆ ಯಾವ ಉಪ್ಪು ಹಾಕುತ್ತೀರಿ' ಎಂದು ಓದಿದೆ. ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲೀಷಪ್ಪನವರಂತೂ, 'ನಮ್ಮ ಮನೆಯ ಉಪ್ಪು ಏಳನೇ ಇಯತ್ತೆ ಪಾಸಾಗಿದೆಯಪ್ಪಾ, ನಿಮ್ಮ ಮನೆಯದು ಹೇಗೋ ಗೊತ್ತಿಲ್ಲ' ಎಂದುಬಿಟ್ಟರು."

ಅಯ್ಯನವರಿಗೂ ನಗು ಬಂತು. ಅದನ್ನು ಅವರು ಮುಚ್ಚಿಡಲಿಲ್ಲ.

"ನೀವೂ ನಗುತ್ತೀರಿ," ಎಂದ ಜೀವರತ್ನ. "ಪೆದ್ದು ತೆಗೆದು 'ಸಪ್ಪೆಯಾದರೆ' ಎಂದು ಬರೆದರೆ ಮುಗಿಯಿತು. ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಹಲ್ಲು ಕಿರಿಯುವುದಿಲ್ಲ. ಆದರೆ ಮೂಲದಲ್ಲಿ ಇರುವುದು ಅದಲ್ಲ ಎಂದು ಮನಸ್ಸು ಕೊರೆಯುತ್ತದೆ. ನಾಳೆ ಮತ್ತೆ ಓದಬೇಕು. ಇನ್ನೊಂದು ಸಲ ನಗುವ ಹಾಗಾದರೆ ಕೆಲಸವನ್ನೇ ಬೇರೆಯವರಿಗೆ ಒಪ್ಪಿಸುತ್ತಾರಂತೆ. ಏನು ಮಾಡಲಿ?"

"ನಿನಗೆ ಉಪ್ಪಿನ ಚಿಂತೆಯೋ, ನಗುವಿನ ಚಿಂತೆಯೋ?"

ಜೀವರತ್ನ ತಲೆ ಕೆರೆದುಕೊಂಡ.

"ಗೊತ್ತಾಯಿತು ಬಿಡು," ಎಂದರು ಅಯ್ಯನವರು. "ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಗುಡ್ಡದ ಮೇಲೆ ಒಂದು ಜನ, ಕಡಲ ದಂಡೆಯಲ್ಲಿ ಒಂದು ಜನ. ಮೇಲಿನವರ ಮಾತು ಕೆಳಗಿನವರಿಗೆ ತಿಳಿಯದು, ಕೆಳಗಿನವರ ಮಾತು ಮೇಲಿನವರಿಗೆ ತಿಳಿಯದು. ಆದರೆ ಉಪ್ಪು ಯಾರನ್ನು ಬಿಟ್ಟೀತು? ಗುಡ್ಡದ ಬುಡದಲ್ಲಿ ಸಂತೆ ನೆರೆಯುತ್ತಿತ್ತು. ಮೇಲಿನವರು ಜೇನು, ಸೀಗೇಕಾಯಿ ಹೊತ್ತು ಇಳಿಯುತ್ತಿದ್ದರು. ಕೆಳಗಿನವರು ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬರುತ್ತಿದ್ದರು. ನಡುವೆ ಒಬ್ಬ ದುಭಾಷಿ ನಿಂತು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸುತ್ತಿದ್ದ. ಅವನಿಗೆ ಅದೇ ಅನ್ನ.

ಈ ದುಭಾಷಿಯ ತಾಯಿ ಗುಡ್ಡದವಳು, ತಂದೆ ಕಡಲವನು. ಚಿಕ್ಕವನಿದ್ದಾಗ ತಾಯಿಯ ತವರಿಗೆ ಹೋದರೆ ಅಲ್ಲಿಯವರೆಲ್ಲ ಅವನ ಉಚ್ಚಾರ ಕೇಳಿ ನಗುತ್ತಿದ್ದರು. "ಏಡಿ ಮಾತಾಡುತ್ತದೆ ನೋಡ್ರೋ" ಎಂದು ಕುಣಿಯುತ್ತಿದ್ದರು. ಗುಡ್ಡದವರ ನಗು ಸಣ್ಣ ನಗುವಲ್ಲ. ಒಬ್ಬ ನಕ್ಕರೆ ಕೇರಿ ನಗುತ್ತದೆ, ಕೇರಿ ನಕ್ಕರೆ ಊರು ನಗುತ್ತದೆ. ಅದನ್ನು ಅನುಭವಿಸಿದ ಹುಡುಗ ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದ. ಇನ್ನು ನನ್ನ ಬಾಯಿಂದ ನಗೆಪಾಟಲಾಗುವ ಮಾತು ಹೊರಡಕೂಡದು.

ಹಾಗೇ ಬೆಳೆದ, ಹಾಗೇ ಬಾಳಿದ. ಅವನ ಬಾಯಿಗೆ ಬಿದ್ದ ಮಾತು ನುಣ್ಣಗಾಗದೆ ಹೊರಗೆ ಬರುತ್ತಿರಲಿಲ್ಲ. ಉಪ್ಪಿನ ಗದ್ದೆಯ ಒಬ್ಬ ಹೆಂಗಸು ಇದ್ದಳು, ಬಾಯಿ ಸ್ವಲ್ಪ ಜೋರು. "ಆ ಮುದಿ ಕರಡಿಗೆ ಹೇಳು, ಜೇನಿಗೆ ನೀರು ಬೆರೆಸಿದ್ದಾನೆ ಅಂತ" ಎನ್ನುವಳು. ದುಭಾಷಿ ಗುಡ್ಡದ ಯಜಮಾನನ ಕಡೆ ತಿರುಗಿ, "ಈ ಸಲ ಜೇನು ತುಸು ತೆಳುವಾದ ಹಾಗಿದೆಯಂತೆ ಯಜಮಾನರೇ" ಎನ್ನುವನು. ಯಜಮಾನ, "ಇವಳ ನಾಲಿಗೆಗೆ ಬೆಂಕಿ ಬೀಳ" ಎನ್ನುವನು. ದುಭಾಷಿ ಅವಳಿಗೆ, "ಮುಂದಿನ ಸಲ ಗಟ್ಟಿ ಜೇನು ತರುತ್ತಾರಂತೆ ಅವ್ವಾ" ಎನ್ನುವನು. ಇಬ್ಬರೂ ಖುಷಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಸಂತೆಯವರೆಲ್ಲ ಅವನನ್ನು ಹೊಗಳುತ್ತಿದ್ದರು.

ಮಳೆಗಾಲಕ್ಕೆ ಮುಂಚಿನ ಕೊನೆಯ ಸಂತೆ ಬಂತು. ಗುಡ್ಡದವರಿಗೆ ಇದು ದೊಡ್ಡ ಸಂತೆ. ಮಳೆ ಹಿಡಿದರೆ ನಡುವಿನ ಹೊಳೆ ತುಂಬುತ್ತದೆ, ಹಾದಿ ಮುಚ್ಚುತ್ತದೆ, ಹೊಳೆ ಇಳಿಯುವ ತನಕ ಅವರು ಅಲ್ಲೇ. ಗಂಜಿಗೆ ನೆಂಚಿಕೊಳ್ಳಲು ಅವರಿಗಿರುವುದು ಉಪ್ಪಿನಲ್ಲಿಟ್ಟ ಮಾವಿನ ಮಿಡಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಅದೇ ಅವರ ಪಲ್ಯ, ಅದೇ ಅವರ ಸಾರು. ಸಂತೆಯಿಂದ ಹಿಂತಿರುಗಿದ ಮರುದಿನ ಇಡೀ ಊರು ಕೂತು ಭರಣಿ ತುಂಬುತ್ತಿತ್ತು.

ಉಪ್ಪಿನ ಹೆಂಗಸು ಮೂಟೆ ಇಳಿಸಿದಳು. ಒಂದೊಂದನ್ನೂ ಬಿಚ್ಚಿ ಒಂದು ಹರಳು ನಾಲಿಗೆಯ ಮೇಲಿಟ್ಟುಕೊಂಡು ನೋಡಿದಳು. ಕೆಲವು ಮೂಟೆಗಳನ್ನು ಮುಂದಿಟ್ಟಳು, ಕೆಲವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು. ಮುಂದಿನ ಮೂಟೆಗಳೆಲ್ಲ ಗುಡ್ಡದವರ ಪಾಲಾದವು. ಆದರೂ ಯಜಮಾನನಿಗೆ ಸಾಲದು. ಆ ವರ್ಷ ಮಿಡಿ ವಿಪರೀತ ಬಂದಿತ್ತು.

"ಆ ಹಿಂದಿನ ಮೂಟೆಗಳು ಯಾಕೆ ಹಾಗೆ ಬಿದ್ದಿವೆ? ಕೇಳು," ಎಂದ ಯಜಮಾನ.

ದುಭಾಷಿ ಕೇಳಿದ. ಹೆಂಗಸು ಕತ್ತು ತಿರುಗಿಸದೆ, "ಆ ಉಪ್ಪು ಪೆದ್ದಾಗಿದೆ ಅಂತ ಹೇಳು" ಎಂದಳು. ಕಡಲ ಜನರಲ್ಲಿ ಅಷ್ಟು ಹೇಳಿದರೆ ಸಾಕು. ಹಾಲು ಒಡೆದಿದೆ ಎಂದರೆ ನಮಗೆ ಹೇಗೆ ಇನ್ನೇನೂ ಹೇಳಬೇಕಿಲ್ಲವೋ, ಹಾಗೆ. ಅವಳು ಎತ್ತಿಗೆ ನೀರು ಕುಡಿಸಲು ಹೋದಳು.

ದುಭಾಷಿ ಆ ಮಾತನ್ನು ತಂದೆಯ ಮನೆಯಲ್ಲಿ ಎಂದೋ ಕೇಳಿದ್ದ. ಗದ್ದೆಯ ಕೆಲಸ ಮಾಡಿದವನಲ್ಲ, ಅದರ ಆಳ ಅವನಿಗೆ ಗೊತ್ತಿರಲಿಲ್ಲ. ಕೇಳಬಹುದಿತ್ತು. ಕೇಳಲಿಲ್ಲ. ಅವನ ತಲೆಯಲ್ಲಿ ಓಡಿದ್ದು ಬೇರೆ. ಉಪ್ಪು ಪೆದ್ದಾಗಿದೆ ಎಂದು ಗುಡ್ಡದ ಮಾತಿನಲ್ಲಿ ಹೇಳಿದರೆ ಏನಾಗುತ್ತದೆ? ಯಜಮಾನ ನಗುತ್ತಾನೆ. ಹಿಂದೆ ನಿಂತವರು ನಗುತ್ತಾರೆ. ಏಡಿ ಮಾತಾಡಿತು ಎನ್ನುತ್ತಾರೆ. ಅವನಿಗೆ ಕಿವಿ ಬಿಸಿಯಾಯಿತು. ತಲೆ ಬುಡವಿಲ್ಲದ ಮಾತು, ಇದನ್ನು ನಾನೇ ನೇರ ಮಾಡುತ್ತೇನೆ ಎಂದುಕೊಂಡ.

"ಅದು ಸ್ವಲ್ಪ ಸಪ್ಪೆಯಂತೆ," ಎಂದ.

"ಅಯ್ಯೋ, ಇಷ್ಟೇನಾ!" ಎಂದ ಯಜಮಾನ. ಒಂದು ಹರಳು ಬಾಯಿಗೆ ಹಾಕಿಕೊಂಡ. "ಹೌದು, ಸಪ್ಪೆಯೇ. ಸಪ್ಪೆಯಾದರೆ ಏನೀಗ, ಒಂದು ಹಿಡಿ ಹಾಕುವಲ್ಲಿ ಎರಡು ಹಿಡಿ ಹಾಕಿದರಾಯಿತು. ಕೊಡುತ್ತಾಳೋ ಕೇಳು."

ನೋಡು ತಮ್ಮಾ, ಇಲ್ಲಿ ಗಮನವಿಡು. ಅವನು ರುಚಿ ನೋಡಿಯೂ ಮೋಸ ಹೋದ. ಸಪ್ಪೆ ಎಂಬ ಮಾತು ಕಿವಿಗೆ ಮೊದಲು ಬಿದ್ದಿತ್ತು, ನಾಲಿಗೆ ಅದಕ್ಕೆ ಹೂಂ ಎಂದಿತು. ದುಭಾಷಿ ಹೋಗಿ ಹೆಂಗಸನ್ನು ಕೇಳಿದ. "ಒಯ್ಯುತ್ತಾರಂತೆಯೇ? ಒಯ್ಯಲಿ, ನನಗೆ ಹೊರುವುದು ತಪ್ಪಿತು" ಎಂದಳು ಅವಳು. ಹಾದಿಗೆ ಹಾಕಿಕೊಳ್ಳುತ್ತಾರೆ ಎಂದು ಅವಳ ಎಣಿಕೆ. ಅದನ್ನು ಹಾಕಿದ ಕಡೆ ಹುಲ್ಲು ಹುಟ್ಟುವುದಿಲ್ಲ, ಕೆಸರಾಗುವುದಿಲ್ಲ. ಪುಕ್ಕಟೆ ಸಿಕ್ಕಿತೆಂದು ಗುಡ್ಡದವರು ಹಿಗ್ಗಿದರು. ಮೂಟೆ ಹೊತ್ತು ನಗುತ್ತ ಗುಡ್ಡ ಹತ್ತಿದರು. ಯಾರಿಗೂ ಜಗಳವಿಲ್ಲ, ಎಲ್ಲರಿಗೂ ಸಂತೋಷ. ಅಂಥ ಒಳ್ಳೆಯ ಸಂತೆ ಅವನ ಜೀವಮಾನದಲ್ಲೇ ಆಗಿರಲಿಲ್ಲ.

ಸಂತೆ ಚದುರಿದ ಮೇಲೆ ಅವನು ಹೆಂಗಸಿನ ಹತ್ತಿರ ಹೋಗಿ ಕೂತ. ತಮಾಷೆಗೆಂದು, "ಅಲ್ಲವ್ವಾ, ಉಪ್ಪಿಗೆ ಬುದ್ಧಿಯೆಲ್ಲಿದೆ, ಅದು ಪೆದ್ದಾಗುವುದಕ್ಕೆ?" ಎಂದು ಕೇಳಿದ.

"ಪೆದ್ದ ಎಂದರೆ ಯಾರೋ ಮಗಾ?" ಎಂದಳು ಅವಳು. "ನೋಡಿದರೆ ಆಳು. ಮೈ ಇದೆ, ಮುಖ ಇದೆ, ಕರೆದರೆ ಓ ಎನ್ನುತ್ತಾನೆ. ಒಳಗೆ ಇರಬೇಕಾದದ್ದು ಇಲ್ಲ. ಮೊನ್ನೆ ಅಕಾಲದ ಮಳೆ ಹೊಡೆಯಿತಲ್ಲ, ಒಂದು ರಾಶಿಯಲ್ಲಿದ್ದ ಉಪ್ಪೆಲ್ಲ ಕರಗಿ ಹರಿದುಹೋಯಿತು. ಅದರ ಜೊತೆಗಿದ್ದ ಬಿಳಿ ಹರಳು ಹಾಗೇ ಉಳಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಸಪ್ಪೆ ಸಾರಾದರೆ ಉಪ್ಪು ಹಾಕಬಹುದು. ಉಪ್ಪೇ ಹೀಗಾದರೆ ಅದಕ್ಕೆ ಏನು ಹಾಕುತ್ತೀ?"

ದುಭಾಷಿ ಗುಡ್ಡದ ಹಾದಿಯ ಕಡೆ ತಿರುಗಿ ನೋಡಿದ.

"ಅದರಲ್ಲಿ ಮಿಡಿ ಹಾಕಿದರೆ?" ಎಂದ.

"ಕೊಳೆತು ನಾರುತ್ತದೆ. ಎಷ್ಟು ಹಾಕಿದರೂ ಅಷ್ಟೇ, ಮಣ್ಣಿನಲ್ಲಿ ಹೂತಿಟ್ಟ ಹಾಗೆ. ಯಾಕೆ, ನೀನು ಅವರಿಗೆ ಹೇಳಿದೆ ತಾನೇ?"

ಅವನು ಸುಳ್ಳು ಹೇಳಬಹುದಿತ್ತು. ನುಣ್ಣಗೆ ಏನಾದರೂ ಹೇಳಿ ಎದ್ದು ಹೋಗಬಹುದಿತ್ತು, ಅದು ಅವನಿಗೆ ಬಲು ಸುಲಭ. ಆದರೆ ಅವನ ಸ್ವಂತ ಅಕ್ಕನನ್ನು ಆ ಊರಿಗೇ ಕೊಟ್ಟಿತ್ತು. ಅವಳ ಮನೆಯ ಭರಣಿ ಕಣ್ಣ ಮುಂದೆ ಬಂತು. "ಇಲ್ಲವ್ವಾ," ಎಂದ. "ಸಪ್ಪೆ ಎಂದುಬಿಟ್ಟೆ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿದ. ಅವಳು ಎದ್ದು ಹೋಗಿ, ಬೇರೆಯವರಿಗೆಂದು ಮೊದಲೇ ಬದಿಗಿಟ್ಟಿದ್ದ ಒಳ್ಳೆಯ ಉಪ್ಪಿನ ಮೂಟೆಗಳನ್ನು ಎತ್ತಿನ ಮೇಲೆ ಹೇರಿದಳು. "ನಾನೇ ಹೋಗಿ ಗಂಟಲು ಹರಿಯುವ ಹಾಗೆ ಕೂಗಿದರೂ ಅವರಿಗೆ ತಿಳಿಯುವುದಿಲ್ಲ. ಈ ಕೆಲಸಕ್ಕೆ ನಿನ್ನ ನಾಲಿಗೆಯೇ ಆಗಬೇಕು. ಹೊರಡು. ಎತ್ತಿನ ಹತ್ತಿರವೂ ಸಿಹಿ ಮಾತಾಡುತ್ತ ಕೂರಬೇಡ, ಹೊಡೆದುಕೊಂಡು ಹೋಗು" ಎಂದಳು.

ಮೋಡ ಕಟ್ಟಿತ್ತು. ಅವನು ಎತ್ತು ಹೊಡೆದುಕೊಂಡು ಹೊರಟ. ಹೊಳೆಯ ಹತ್ತಿರ ಸೌದೆ ಹೊತ್ತವನೊಬ್ಬ ಎದುರಾಗಿ, "ಎಲ್ಲಿಗೆ ಮಾರಾಯಾ, ಮೇಲೆ ಮಳೆ ಕೂತಿದೆ, ಹೊಳೆ ಬಂದರೆ ಸಿಕ್ಕಿಹಾಕಿಕೊಳ್ಳುತ್ತೀ. ತಿರುಗಿ ನಡೆ" ಎಂದ. ದುಭಾಷಿ ತಿರುಗಲಿಲ್ಲ. ಎತ್ತು ಏರಿನಲ್ಲಿ ಮುಷ್ಕರ ಹೂಡಿತು. ಒಂದು ಮೂಟೆಯನ್ನು ತನ್ನ ಹೆಗಲಿಗೆ ಏರಿಸಿಕೊಂಡು ಎತ್ತನ್ನು ಎಳೆದ. ಕಾಲಿಗೆ ಮುಳ್ಳು ನಟ್ಟಿತು. ಕೀಳಲು ಕೂತರೆ ಏಳಲಾರೆ ಎಂದು ಹಾಗೇ ನಡೆದ. ನಾನು ಹೋಗಿ ಮುಟ್ಟಲೇಬೇಕು, ಅವರು ಮಿಡಿ ಹಾಕುವ ಮೊದಲು ಮುಟ್ಟಲೇಬೇಕು. ಬೇರೆ ಯೋಚನೆಯೇ ಅವನಲ್ಲಿರಲಿಲ್ಲ.

ಮುಟ್ಟಿದ. ಆದರೆ ಬೆಳಗಾಗಿತ್ತು, ಅವರು ಆಗಲೇ ಶುರು ಮಾಡಿದ್ದರು. ಊರ ನಡುವೆ ಭರಣಿಗಳು ಸಾಲಾಗಿ ಕೂತಿದ್ದವು. ಹೆಂಗಸರು ಮಿಡಿ ಒರೆಸಿ ಕೊಡುತ್ತಿದ್ದರು, ಗಂಡಸರು ಒಂದು ಪದರ ಮಿಡಿ, ಒಂದು ಪದರ ಉಪ್ಪು ಹಾಕುತ್ತಿದ್ದರು. ಪುಕ್ಕಟೆ ಉಪ್ಪನ್ನೇ ಮೊದಲು ಬಳಸಿದ್ದರು. ಒಳ್ಳೆಯದನ್ನು ಅಡುಗೆಗೆ ಎತ್ತಿಟ್ಟಿದ್ದರು. ಎಲ್ಲಾದರೂ ಜನ ಮಾಡುವುದೇ ಹೀಗೆ.

"ಬಂದ್ಯಾ ತಮ್ಮಾ! ಎತ್ತು ಬೇರೆ ತಂದಿದ್ದೀಯ!" ಎಂದಳು ಅಕ್ಕ.

"ಯಜಮಾನರೇ, ನಿಲ್ಲಿಸಿ," ಎಂದ ದುಭಾಷಿ. "ಆ ಉಪ್ಪು ಅಷ್ಟು ಚೆನ್ನಾಗಿಲ್ಲ."

"ಗೊತ್ತು ಮಾರಾಯಾ, ಸಪ್ಪೆ ಎಂದು ನೀನೇ ಹೇಳಿದ್ದೆಯಲ್ಲ. ಎರಡು ಹಿಡಿ ಹಾಕುತ್ತಿದ್ದೇವೆ."

"ಅಲ್ಲ, ಅದು ತೀರಾ ಸಪ್ಪೆ."

"ಹಾಗಾದರೆ ಮೂರು ಹಿಡಿ ಹಾಕಿ ಕಣ್ರೋ," ಎಂದು ಯಜಮಾನ ಕೂಗಿ ಹೇಳಿದ. ಎಲ್ಲರೂ ಇನ್ನೊಂದೊಂದು ಹಿಡಿ ಸುರಿದರು.

ದುಭಾಷಿಗೆ ಬೆವರು ಒಡೆಯಿತು. ಗುಡ್ಡ ಹತ್ತುವಾಗ ಬಾರದ ಬೆವರು. ತಾನು ಆಡಿದ ಮಾತು ಬಾಗಿಲಲ್ಲೇ ಅಡ್ಡ ಮಲಗಿದೆ, ಅದನ್ನು ದಾಟಿ ಇನ್ನೊಂದು ಮಾತು ಒಳಗೆ ಹೋಗುತ್ತಿಲ್ಲ. ಮೆತ್ತಗೆ ಹೇಳಿದಷ್ಟೂ ಕೆಲಸ ಕೆಡುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆಡಿದ ಮಾತು ಹೋಗಿದ್ದರೂ ಚೆನ್ನಾಗಿತ್ತು, ಇದು ಹೋಗದೆ ಕೂತಿತ್ತು. ಉಳಿದದ್ದು ಒಂದೇ ದಾರಿ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡು ಗಟ್ಟಿಯಾಗಿ ಕೂಗಿದ.

"ಉಪ್ಪು ಪೆದ್ದಾಗಿದೆ!"

ಅಕ್ಕನೇ ಮೊದಲು ನಕ್ಕಳು. ಅವಳು ನಕ್ಕದ್ದೇ ತಡ, ಕೇರಿ ನಕ್ಕಿತು. ಕೇರಿ ನಕ್ಕದ್ದೇ ತಡ, ಊರು ನಕ್ಕಿತು. "ಪೆದ್ದಾಯಿತಂತೆ! ಹಾಗಾದರೆ ಹುಳಿ ಜಾಣನೇನೋ?" ಎಂದನೊಬ್ಬ. "ಮೆಣಸಿನಕಾಯಿಗೆ ಹುಚ್ಚು ಹಿಡಿದಿದೆ, ಮಂತ್ರ ಹಾಕಿಸಬೇಕು," ಎಂದನಿನ್ನೊಬ್ಬ. "ಏಡಿ ಮಾತಾಡಿತು!" ಎಂದು ಯಾರೋ ಹಿಂದಿನಿಂದ ಕೂಗಿದರು. ಆ ಮಾತು ಕೇಳದೆ ಎಷ್ಟು ಕಾಲವಾಗಿತ್ತು! ಅವನ ಮುಖ ಕೆಂಪೇರಿತು. ಓಡಿಹೋಗಬೇಕು ಎನ್ನಿಸಿ ಕಾಲು ಎದ್ದಿತು. ಆ ಕಾಲನ್ನು ಅವನು ಮತ್ತೆ ನೆಲಕ್ಕೆ ಊರಿದ.

"ನಗಿ," ಎಂದ. "ಚೆನ್ನಾಗಿ ನಗಿ. ನಿಮ್ಮ ನಗು ಮುಗಿಯುವ ತನಕ ನಾನು ಇಲ್ಲೇ ನಿಂತಿರುತ್ತೇನೆ. ಮುಗಿದ ಮೇಲೆ ಮತ್ತೆ ಹೇಳುತ್ತೇನೆ. ಉಪ್ಪು ಪೆದ್ದಾಗಿದೆ."

ಮತ್ತೆ ನಕ್ಕರು. ಅವನು ಮತ್ತೆ ಹೇಳಿದ. ಮತ್ತೂ ನಕ್ಕರು. ಮತ್ತೂ ಹೇಳಿದ. ನಗು ಎಷ್ಟು ಹೊತ್ತು ನಿಂತೀತು? ಎದುರಿಗಿದ್ದವನು ನಾಚಿದರೆ ಅದಕ್ಕೆ ಮೇವು, ನಾಚದಿದ್ದರೆ ಅದು ತಾನೇ ಸೊರಗುತ್ತದೆ. ಕೊನೆಗೆ ಮಿಡಿ ಒರೆಸುತ್ತಿದ್ದ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಲ್ಲೋ ಮೊಮ್ಮಗನೇ, ಉಪ್ಪು ಪೆದ್ದಾಗುವುದು ಅಂದರೆ ಹೇಗೋ?" ಎಂದು ಕೇಳಿದಳು.

ಸಂತೆಯಲ್ಲಿ ಸಪ್ಪೆ ಎಂದಾಗ ಒಬ್ಬನೂ ಏನೆಂದು ಕೇಳಿರಲಿಲ್ಲ. ಈಗ ಇಡೀ ಊರು ಕೇಳುತ್ತಿತ್ತು.

ದುಭಾಷಿ ಒಂದು ಬಟ್ಟಲು ನೀರು ತರಿಸಿದ. ಎತ್ತಿನ ಮೇಲಿದ್ದ ಮೂಟೆಯಿಂದ ಒಂದು ಹಿಡಿ ಹಾಕಿ ಕಲಕಿದ. ಉಪ್ಪು ಕರಗಿತು. ಇನ್ನೊಂದು ಬಟ್ಟಲಿಗೆ ಪುಕ್ಕಟೆ ಮೂಟೆಯದನ್ನು ಒಂದು ಹಿಡಿ ಹಾಕಿ ಕಲಕಿದ. ಕಲಕಿಯೇ ಕಲಕಿದ. ಬಿಳಿ ಹರಳು ತಳದಲ್ಲಿ ಹಾಗೇ ಕೂತಿತ್ತು. ಅಜ್ಜಿ ಎರಡೂ ನೀರನ್ನು ಬಾಯಿಗೆ ಹಾಕಿಕೊಂಡು ನೋಡಿದಳು. ಎರಡನೆಯದನ್ನು ಥೂ ಎಂದು ಉಗಿದಳು.

"ಅಯ್ಯೋ ಶಿವನೇ, ಇದು ಉಪ್ಪಿನ ಹೆಣ ಕಣ್ರೇ!" ಎಂದಳು. "ಇದರೊಳಗೆ ಮಿಡಿ ಹೂತಿಡುತ್ತಿದ್ದೆವಲ್ಲ!"

ಆಗ ಯಾರೂ ನಗಲಿಲ್ಲ. ಯಜಮಾನ ಎದ್ದು ಬಂದು ದುಭಾಷಿಯ ಎದುರಿಗೆ ನಿಂತ. "ಸಂತೆಯಲ್ಲಿ ಅವಳು ಏನೆಂದಳು?"

"ಪೆದ್ದಾಗಿದೆ ಎಂದಳು."

"ನೀನು?"

"ಸಪ್ಪೆ ಎಂದೆ. ನೀವು ನಗುತ್ತೀರಿ ಎಂದು."

"ನಾವು ನಕ್ಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?" ಎಂದ ಯಜಮಾನ. "ಮಳೆ ಹಿಡಿದ ಮೇಲೆ ಭರಣಿ ತೆಗೆದು ನೋಡಿದ್ದರೆ ಮಕ್ಕಳ ಗಂಜಿಗೆ ಏನು ಬಡಿಸುತ್ತಿದ್ದೆವು? ನಿನ್ನ ನುಣ್ಣನೆಯ ಮಾತನ್ನೋ?"

ದುಭಾಷಿ ಬಗ್ಗಿ ಒಂದು ಭರಣಿಯನ್ನು ಎತ್ತಿ ಬೋರಲು ಹಾಕಿದ. ಅಕ್ಕ ಬಂದು ಇನ್ನೊಂದನ್ನು ಹಾಕಿದಳು. ಆಮೇಲೆ ಎಲ್ಲರೂ ಕೈ ಹಚ್ಚಿದರು. ಮಿಡಿ ತೊಳೆದರು, ಒರೆಸಿದರು, ಎತ್ತಿನ ಮೇಲೆ ಬಂದ ಉಪ್ಪು, ಅಡುಗೆಗೆ ಎತ್ತಿಟ್ಟ ಉಪ್ಪು ಎಲ್ಲ ಸೇರಿಸಿ ಮತ್ತೆ ಪದರ ಕಟ್ಟಿದರು. ಉಪ್ಪು ಎಲ್ಲದಕ್ಕೂ ಸಾಲಲಿಲ್ಲ. ಎಷ್ಟೋ ಮಿಡಿ ದನಗಳ ಪಾಲಾಯಿತು. ಆ ಮಳೆಗಾಲ ಅವರು ಕೈ ಬಿಗಿಹಿಡಿದು ಉಂಡರು, ಆದರೆ ಉಂಡರು. ಕೊನೆಯ ಭರಣಿಗೆ ಬಟ್ಟೆ ಕಟ್ಟುವಾಗ ಮಳೆಯ ದೊಡ್ಡ ಹನಿಗಳು ಬಿದ್ದವು.

ಆ ಬಿಳಿ ಹರಳನ್ನು ಹಾದಿಗೆ ಸುರಿದರು. ದುಭಾಷಿ ಎತ್ತು ಹೊಡೆದುಕೊಂಡು ಅದನ್ನು ತುಳಿಯುತ್ತಲೇ ಇಳಿದು ಹೋದ.

ಅಂದಿನಿಂದ ಸಂತೆಯಲ್ಲಿ ಜಗಳ ಹೆಚ್ಚಾಯಿತು ಎನ್ನುತ್ತಾರೆ. ಅವಳು ಮುದಿ ಕರಡಿ ಎಂದರೆ ಈ ಕಡೆಗೆ ಮುದಿ ಕರಡಿ ಎಂದೇ ಬರುತ್ತಿತ್ತು. ಯಜಮಾನ ನಾಲಿಗೆಗೆ ಬೆಂಕಿ ಎಂದರೆ ಆ ಕಡೆಗೆ ಬೆಂಕಿಯೇ ಹೋಗುತ್ತಿತ್ತು. ಆದರೂ ಇಬ್ಬರೂ ಇನ್ನೊಬ್ಬ ದುಭಾಷಿಯನ್ನು ಹುಡುಕಲಿಲ್ಲ.

ಅಯ್ಯನವರು ಕತೆ ನಿಲ್ಲಿಸಿದರು.

ಜೀವರತ್ನ ಬೆನ್ನು ನೆಟ್ಟಗೆ ಮಾಡಿದ. "ತಿಳಿಯಿತು ಅಯ್ಯನವರೇ. ಸಪ್ಪೆ ಎಂದು ಬರೆದರೆ ಹೂಂ ಎಂದು ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಪೆದ್ದು ಎಂದರೆ ನಗುತ್ತಾರೆ, ನಕ್ಕ ಮೇಲೆ ಕೇಳುತ್ತಾರೆ. ನಾಳೆ ಪೆದ್ದು ಎಂದೇ ಓದುತ್ತೇನೆ. ಎಷ್ಟು ಸಲ ನಕ್ಕರೂ ಅಷ್ಟು ಸಲ ಓದುತ್ತೇನೆ. ಕೆಲಸ ಹೋದರೆ ಹೋಗಲಿ, ಪದ ಬಿಡುವುದಿಲ್ಲ."

"ಒಳ್ಳೆಯದು," ಎಂದರು ಅಯ್ಯನವರು.

ಅವನು ಎದ್ದ. ಬಾಗಿಲ ತನಕ ಹೋಗಿ ಮತ್ತೆ ತಿರುಗಿದ. "ಒಂದು ಮಾತು ಉಳಿಯಿತು. ಕತೆಯ ದುಭಾಷಿ ಬಟ್ಟಲಲ್ಲಿ ಕಲಕಿ ತೋರಿಸಿದ. ನಾನು ಏನು ತೋರಿಸಲಿ? ಎಲೀಷಪ್ಪನವರು ಬಿಡುವ ಆಸಾಮಿಯಲ್ಲ. 'ಬುದ್ಧಿ ಇರುವವನು ತಾನೇ ಬುದ್ಧಿಗೆಡುವುದು? ಉಪ್ಪಿಗೆ ಬುದ್ಧಿಯೇ ಇಲ್ಲವಲ್ಲ, ಸ್ವಾಮಿ ಹಾಗೇಕೆ ಹೇಳಿದರು' ಎಂದು ಕೇಳಿದರೆ ನಾನು ಏನು ಹೇಳಲಿ?"

"ಪೆದ್ದಾಗುವ ಮಾತನ್ನು ಸ್ವಾಮಿ ಎತ್ತಿದ್ದು, 'ನೀವೇ ಉಪ್ಪು' ಎಂದು ಎದುರಿಗಿದ್ದವರಿಗೆ ಹೇಳಿದ ಮೇಲೆ ಕಣಪ್ಪಾ."